ಕ್ಯಾಮೆರಾದ ಬೀಗ

"ಬೀಗ ಹಾಕಿದ ಸಾಫ್ಟ್‌ವೇರ್ ನಮ್ಮ ಫೋನಿಗೆ ಬೇಡವೇ ಬೇಡ!"

ಪೇಲಿಂಗ್ ಮೇಜು ಕುಟ್ಟಿದ ರಭಸಕ್ಕೆ ಎದುರಿದ್ದವನ ಚಹಾ ಚೆಲ್ಲಿ ಅವನ ಬಿಳಿ ಅಂಗಿ ತೊಯ್ದುಹೋಯಿತು.

ಅವನು ಕ್ಯಾಮೆರಾ ಚಿಪ್ ಕಂಪನಿಯ ಎಂಜಿನಿಯರ್ ಕೈವೆನ್. ಅಂಗಿ ಒರೆಸಿಕೊಳ್ಳುತ್ತಾ ನಕ್ಕ. "ಹಾಗಾದ್ರೆ ಕ್ಯಾಮೆರಾನೇ ಇಲ್ದಿರೋ ಫೋನ್ ಮಾರ್ತೀರಾ ಮೇಡಂ?"

ಛೇ, ನಗು ಬೇರೆ ಚೆನ್ನಾಗಿದೆ!

ತೈಪೆಯ ಆ ಪುಟ್ಟ ಕಂಪನಿಯ ಫೋನಿನಲ್ಲಿ ಮುಚ್ಚುಮರೆ ಇರಲಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಜನರಿಗೆ ಹಾಗೆಂದು ಮಾತು ಕೊಟ್ಟವಳೇ ಪೇಲಿಂಗ್. ಮೊಂಡು ಹಿಡಿದದ್ದು ಕ್ಯಾಮೆರಾ ಒಂದೇ. ಅದನ್ನು ನಡೆಸುವ ಕೋಡ್ ಕೈವೆನ್‌ನ ಕಂಪನಿಯ ಸ್ವತ್ತು. ತೋರಿಸುವಂತಿಲ್ಲ, ಹಂಚುವಂತಿಲ್ಲ!

ಜಗಳ ಸಭೆಯಿಂದ ನೂಡಲ್ಸ್ ಅಂಗಡಿಗೆ ಬಂತು, ಅಲ್ಲಿಂದ ಅವನ ಸ್ಕೂಟರಿನ ಹಿಂದಿನ ಸೀಟಿಗೆ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಬಾಸ್ ಕಾಲು ಹಿಡಿದಾದ್ರೂ ಕೋಡ್ ಬಿಡಿಸ್ಕೊಂಡು ಬರ್ತೀನಿ, ನಂಬು," ಅಂದಿದ್ದ.

ಅವಳು ನಂಬಿದ್ದಳು...

ಫೋನ್ ಬಿಡುಗಡೆಯ ಹಿಂದಿನ ದಿನ ಅವನಿಂದ ಕ್ಯಾಮೆರಾ ಕೋಡಿನ ಕಡತ ಬಂತು. ಪೇಲಿಂಗ್‌ಗೆ ಒಂದು ಚಾಳಿ. ಏನೇ ಬರಲಿ, ಮೊದಲು ಅದರ ಮೇಲ್ಭಾಗದ ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ಓದಬೇಕು. ಓದಿದಳು. 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ಹಂಚುವಂತಿಲ್ಲ.'



ಗೊತ್ತಾಗದ ಹಾಗೆ ಬೀಗ ಹಾಕಿದ ಕೋಡನ್ನ ನಮ್ಮ ಫೋನಿಗೆ ತುರುಕೋಕೆ ನೋಡಿದ್ನಾ? ಆ ಪ್ರೀತಿ ಎಲ್ಲಾ ಇದಕ್ಕೇನಾ?

ಕಡತ ಮುಚ್ಚಿದಳು. ಅವನು ಕರೆ ಮಾಡಿದಾಗಲೆಲ್ಲ ಕತ್ತರಿಸಿದಳು. ಫೋನಿನಲ್ಲಿ ಕ್ಯಾಮೆರಾ ಇರುವುದಿಲ್ಲವೆಂಬ ಪ್ರಕಟಣೆ ಬರೆಯುತ್ತಾ ಗಳಗಳನೆ ಅತ್ತುಬಿಟ್ಟಳು.

ಪಕ್ಕದ ಮೇಜಿನ ಶ್ಯೂಫೆನ್ ಅಕ್ಕ ಎದ್ದು ಬಂದು, ಆ ಕಡತ ತೆರೆದು ಕೆಳಗೆ ಸರಿಸುತ್ತಾ ಹೋದವಳು ಹಣೆ ಚಚ್ಚಿಕೊಂಡಳು.

"ಲೇ ಹುಚ್ಚಿ, ಕೆಳಗೆ ಒಂಚೂರು ನೋಡಿದ್ಯಾ? ಪೂರ್ತಿ ಕೋಡ್ ಬಿಚ್ಚಿಟ್ಟಿದ್ದಾನೆ ಕಣೇ! ಮೇಲಿರೋ ಹಳೇ ಲೈಸೆನ್ಸ್ ಬದಲಾಯ್ಸೋದು ಮರ್ತಿದ್ದಾನೆ, ಅಷ್ಟೇ. ಕೋಡ್ ಬರೆಯೋರು ಯಾವತ್ತಾದ್ರೂ ಅದನ್ನ ಓದಿದ್ದಾರಾ?"

ಪೇಲಿಂಗ್ ಮೆಟ್ಟಿಲಿಳಿದು ಓಡಿದಳು. ಫೋನ್ ಎತ್ತದವಳನ್ನು ಕಾಯುತ್ತಾ ಕೈವೆನ್ ಎದುರಿನ ಸೋಯಾ ಹಾಲಿನ ಅಂಗಡಿಯಲ್ಲೇ ಕೂತಿದ್ದ, ಮುಖ ಸಪ್ಪೆ ಮಾಡಿಕೊಂಡು.

"ನಿಮ್ಮ ಬಾಸ್ ಒಪ್ಪಿದ್ರಾ?"

"ಸಹಿ ಹಾಕಿ ಕೊಟ್ಟಿದ್ದಾರೆ! ಅದನ್ನ ಹೇಳೋಕೇ ಬಡ್ಕೊಂಡೆ... ನೀನು ಫೋನ್ ಎತ್ತಬೇಕಲ್ಲ!"

"ಮತ್ತೆ ಆ ಲೈಸೆನ್ಸ್?"

"ಯಾವ ಲೈಸೆನ್ಸ್?"

ಅವನ ಪೆಚ್ಚು ಮುಖ ನೋಡಿ ಪೇಲಿಂಗ್ ಅಳುತ್ತಲೇ ಬಿದ್ದು ಬಿದ್ದು ನಕ್ಕಳು. ಅವನು ಅಲ್ಲೇ ಲ್ಯಾಪ್‌ಟಾಪ್ ತೆರೆದು ಹಳೇ ಸಾಲು ಅಳಿಸಿ, ಯಾರು ಬೇಕಾದರೂ ಹಂಚಬಹುದೆಂಬ ಹೊಸ ಲೈಸೆನ್ಸ್ ಹಾಕಿದ.

"ನಾಳೆ ಕ್ಯಾಮೆರಾ ಇರುತ್ತೆ!" ಅವಳು ಕಿರುಚಿದ್ದಕ್ಕೆ ಅಂಗಡಿಯವರೆಲ್ಲ ತಿರುಗಿ ನೋಡಿದರು.

"ಸಾರಿ ಕಣೋ... ನಿನ್ನನ್ನ ಅಷ್ಟೊಂದು ಪ್ರೀತಿಸ್ತೀನಲ್ಲ, ಅದಕ್ಕೇ ಅಷ್ಟು ಕೋಪ ಬಂತು."

"ನಾನೂ ಅಷ್ಟೇ ಪ್ರೀತಿಸ್ತೀನಿ. ಆದ್ರೆ ನನ್ನದೊಂದು ಷರತ್ತು. ಇನ್ಮೇಲೆ ನನ್ನ ಮಾತನ್ನ ಕೊನೇವರೆಗೂ ಕೇಳ್ಬೇಕು."

"ಇನ್ನೂ ಏನೇನಿದೆ ಷರತ್ತು?"

"ಜೀವನಪೂರ್ತಿ ಆಗುವಷ್ಟಿದೆ. ಬರೆದು ಕೊಡ್ಲಾ, ಓದ್ತೀಯಾ?"

ಹುಟ್ಟಿದಾಗಿನಿಂದ ಯಾವ ಷರತ್ತನ್ನೂ ಓದದೆ ಒಪ್ಪಿದವಳಲ್ಲ ಪೇಲಿಂಗ್. ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬೇಡ... ಇದೊಂದನ್ನ ಓದದೇ ಒಪ್ಪಿದ್ದೀನಿ."