ಸೀಟಿ ಊದಿದ ಮೇಲೆ

ಈ ವಾಸನೆ ತನ್ನ ಕೈಯದೋ, ಜಾಕೆಟ್ಟಿನದೋ, ಅಥವಾ ಬರೀ ಮೂಗಿನೊಳಗೆ ಉಳಿದುಕೊಂಡಿದ್ದೋ? ಅವಳಿಗೂ ಬರುತ್ತಿರಬಹುದೇ? ಬಂದಿದ್ದರೆ ಇಷ್ಟು ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳುತ್ತಿದ್ದಳೇ?

ಅಜೀಮ್ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. ಸಾಲ ಕಟ್ಟದೆ ಬ್ಯಾಂಕಿನ ಪಾಲಾದ ಮನೆಯೊಂದನ್ನು ಬೆಳಿಗ್ಗೆ ಖಾಲಿ ಮಾಡಿ ಬಂದಿದ್ದ. ಬೇಸಿಗೆಯಲ್ಲೇ ಕರೆಂಟು ಕಡಿದಿದ್ದ ಅಡುಗೆಮನೆಯಲ್ಲಿ ಫ್ರಿಜ್ಜನ್ನು ಎತ್ತಿದಾಗ, ಒಳಗಿನ ಮಾಂಸ ಕಪ್ಪು ನೀರಾಗಿ ಅವನ ಬೂಟಿನ ಮೇಲೆ ಸುರಿದಿತ್ತು. 2009ರ ಆ ಚಳಿಗಾಲದಲ್ಲಿ ಡಿಗ್ರಿ ಇದ್ದ ಹುಡುಗನಿಗೆ ನ್ಯೂಜೆರ್ಸಿಯಲ್ಲಿ ಸಿಕ್ಕಿದ ಕೆಲಸ ಅದೊಂದೇ.

"ಯಾರ ಮದುವೆ?" ಅವನು ತಂದ ಡಿವಿಡಿಗಳನ್ನು ತಿರುಗಿಸಿ ನೋಡುತ್ತ ಮೆಹನಾಜ್ ಕೇಳಿದಳು.

ನದಿಯಾಚೆ, ನಮ್ಮ ಕಡೆಯ ಜನ ತುಂಬಿದ ಜ್ಯಾಕ್ಸನ್ ಹೈಟ್ಸಿನ ಸೀರೆ ಅಂಗಡಿಯೊಂದರ ಮೇಲಿದ್ದ ಆ ಸ್ಟುಡಿಯೋ ಅವಳ ಅಪ್ಪ, ಮೈಸೂರಿನ ಪೀರ್ ಅಹ್ಮದರದು. ಮದುವೆಗಳ ವಿಡಿಯೋ ತೆಗೆಯುವುದು ಅವರು, ಎಡಿಟ್ ಮಾಡುವುದು ಮಗಳು. ಅಜೀಮನ ಅಕ್ಕ ಉಝ್ಮಾಳ ಮದುವೆ ವಿಡಿಯೋ ಮಾಡಿದ್ದೂ ಅವರೇ.

"ನಂದೇ ಅನ್ಕೊಳ್ಳಿ. ಹುಡುಗಿ ಕಡೆಯವರು ಆಸ್ಟ್ರಿಯಾದಲ್ಲಿದ್ದಾರೆ."

"ಓಹೋ. ಏನು ಕೊಡ್ತಾರಂತೆ?"

"ಒಂದು ರೂಮು, ಒಂದು ಸೈಕಲ್ಲು, ಊಟ. ಹುಡುಗನ ಹೈಟು, ವೆಯ್ಟು, ಓಟ ಎಲ್ಲಾ ವಿಚಾರಿಸಿದ್ದಾರೆ. ಬಾಯಿ ತೆಗೆಸಿ ಹಲ್ಲು ನೋಡೋದೊಂದು ಬಾಕಿ."

ಅವಳು ನಕ್ಕಳು. ಮೊದಲು ಕಣ್ಣು ನಕ್ಕಿತು. ತುಟಿಗೆ ಸುದ್ದಿ ಆಮೇಲೆ ತಲುಪಿದಂತಿತ್ತು. ಅಜೀಮ್ ಪಕ್ಕದ ಗೋಡೆ ನೋಡಿದ.

ಅಮೆರಿಕನ್ ಫುಟ್‌ಬಾಲಿನಲ್ಲಿ ಅವನದು ಹಿಂದೆ ನಿಂತು, ಚೆಂಡು ಹಿಡಿದು ಬರುವವನನ್ನು ಕೆಡಹುವ ಜಾಗ. ಕಾಲೇಜು ಮುಗಿದ ಮೇಲೆ ಇಲ್ಲಿನ ದೊಡ್ಡ ತಂಡಗಳು ತಿರುಗಿಯೂ ನೋಡಲಿಲ್ಲ. ಯುರೋಪಿನ ಸಣ್ಣ ಊರುಗಳ ಕ್ಲಬ್ಬುಗಳಿಗೆ ಮಾತ್ರ ಅಂಥವರು ಬೇಕು. ಕಳೆದ ವರ್ಷ ಜರ್ಮನಿಯಲ್ಲಿ ಒಂದು ಸೀಸನ್ ಆಡಿದ. ಕ್ಲಬ್ಬಿನ ಸ್ಪಾನ್ಸರ್ ಆಗಿದ್ದ ಕಾರ್ ಡೀಲರ್ ಮುಳುಗಿದ. ಜೊತೆಗೆ ಕ್ಲಬ್ಬೂ ಮುಳುಗಿತು. ಈಗ ಆಸ್ಟ್ರಿಯಾದ ಕ್ಲಬ್ಬೊಂದು ವಿಚಾರಿಸಿತ್ತು; ಅದನ್ನು ಹಿಡಿಯಬೇಕಾದರೆ ತನ್ನ ಆಟದ ತುಣುಕುಗಳನ್ನು ಜೋಡಿಸಿ ಕಳಿಸಬೇಕು. ಸಂತೆಯಲ್ಲಿ ದನವನ್ನು ಸುತ್ತ ನಡೆಸಿ ತೋರಿಸುವ ಹಾಗೆ, ಎಂದು ಯೋಚಿಸಿದಾಗೆಲ್ಲ ಅವನಿಗೆ ತನ್ನ ಮೈಯ ಮೇಲೇ ಹೇಸಿಗೆಯಾಗುತ್ತಿತ್ತು.

"ಪ್ರತಿ ಆಟಕ್ಕೂ ಮುಂಚೆ ನನ್ನ ಸುತ್ತ ಒಂದು ಸರ್ಕಲ್ ಹಾಕ್ಬೇಕು, ಯಾರು ಅಂತ ಗೊತ್ತಾಗೋಕೆ," ಎಂದು ವಿವರಿಸಿದ. "ಡಿಕ್ಕಿ ಹೊಡೆದ ತಕ್ಷಣ ಕಟ್. ಸೀಟಿ ಊದಿದ ಮೇಲಿಂದು ಏನೂ ಬೇಡ."

"ಗುಲಾಬಿ ದಳ ಉದುರಿಸ್ಲಾ?"

"ಉದುರಿಸಿದ್ರೆ ನನ್ನ ಕಥೆ ಅಷ್ಟೇ."

ಮುಂದಿನ ವಾರ ಬಂದ. ಅದರ ಮುಂದಿನ ವಾರವೂ.

"ಮಾನ್ಮತ್ ಜಂಕ್ಷನ್ನಿಂದ ಇಷ್ಟು ದೂರ ಯಾಕೆ ಬರ್ತೀರಿ? ಫೋನಲ್ಲೇ ಹೇಳ್ಬಹುದಲ್ಲ."

"ಸಿಗ್ನಲ್ ಸರಿ ಇಲ್ಲ."

"ನ್ಯೂಜೆರ್ಸಿ ಪೂರ್ತಿ?"

"ಪೂರ್ತಿ."

ಅವಳು ಪರದೆಯ ಕಡೆ ತಿರುಗಿದಳು. ಕೆನ್ನೆಯ ಒಂದು ಅಂಚು ಮಾತ್ರ ಕಾಣುತ್ತಿತ್ತು. ಆ ಅಂಚು ನಗುತ್ತಿತ್ತು.

"ನಂಗೀಗ ಸರ್ಕಲ್ಲೇ ಬೇಡ ಗೊತ್ತಾ? ಓಡೋ ಮುಂಚೆ ಬಲಗಾಲು ಎಳೀತೀರಿ. ಕತ್ತು ಹಿಂಗೆ ವಾಲಿಸ್ತೀರಿ." ತಲೆ ವಾಲಿಸಿ ತೋರಿಸಿದಳು. ದುಪಟ್ಟಾ ಭುಜದಿಂದ ಜಾರಿತು. ಅವನ ಕಿವಿ ಬಿಸಿಯಾಯಿತು. ಈ ದರಿದ್ರ ಆಟವನ್ನು ಇಷ್ಟು ಪ್ರೀತಿಯಿಂದ ಯಾರಾದರೂ ನೋಡಿದ್ದುಂಟೇ?

ಆಮೇಲೆ ಆ ತುಣುಕು ಬಂತು.

ಚೆಂಡು ಹಿಡಿದು ಓಡಿ ಬರುವ ಹುಡುಗ. ಪಕ್ಕದಿಂದ ಅಜೀಮ್. ಡಿಕ್ಕಿಗೆ ಹುಡುಗನ ಹೆಲ್ಮೆಟ್ ಕಳಚಿ ಹಾರಿತು. ಬಿಯರ್ ಹಿಡಿದ ಜನ ಎದ್ದು ಕೇಕೆ ಹಾಕಿದರು.

"ಯಾರು ಅವ್ನು?"

"ಬೇಕರೀಲಿ ಕೆಲಸ ಮಾಡ್ತಾನೆ. ಅಲ್ಲಿ ಎಲ್ರೂ ಹಾಗೇ, ವಾರವೆಲ್ಲ ಬೇರೆ ಕೆಲಸ, ವೀಕೆಂಡ್ ಆಟ. ಅಮೆರಿಕದಿಂದ ನಮ್ಮನ್ನ ಕರೆಸೋದು ಅವರನ್ನ ಹೀಗೆ ಹೊಡೀಲಿ ಅಂತ." ಅಜೀಮನಿಗೆ ಫ್ರಿಜ್ಜಿನ ವಾಸನೆ ಮತ್ತೆ ಬಂತು. "ಅವತ್ತು ಜನ ನನ್ನ ಹೆಗಲ ಮೇಲೆ ಎತ್ಕೊಂಡ್ರು. ನಂಗೆ ಇಳಿಸಿದ್ರೆ ಸಾಕಾಗಿತ್ತು. ಇದನ್ನೇ ಮೊದಲು ಹಾಕಿ. ಎಲ್ಲಾ ಕೋಚುಗಳಿಗೂ ಇದೇ ಇಷ್ಟ."

ಅವಳು ತುಣುಕನ್ನು ಮುಂದಕ್ಕೆ ಬಿಟ್ಟಳು. ಸೀಟಿ. ಕೇಕೆ. ಜನರ ಕೈಗಳಿಗೆ ಸಿಗುವ ಮುಂಚೆ ಅಜೀಮ್ ಆ ಹುಡುಗನ ಪಕ್ಕ ಮಂಡಿಯೂರಿ, ಅವನ ಕತ್ತು ಅಲುಗದಂತೆ ಹಿಡಿದು, ಡಾಕ್ಟರಿಗಾಗಿ ಕೈ ಬೀಸುತ್ತಿದ್ದ. ಹುಡುಗ ಏಳುವವರೆಗೂ ಬಿಟ್ಟಿರಲಿಲ್ಲ.

"ಮದುವೇಲೂ ಹೀಗೇನೇ," ಎಂದಳು ಮೆಲ್ಲಗೆ. "ಕ್ಯಾಮರಾ ಆಫ್ ಆಯ್ತು ಅನ್ಕೊಂಡಾಗ ಮಾತ್ರ ಮುಖ ಸಿಗೋದು." ಆಮೇಲೆ ಕೀಬೋರ್ಡ್ ನೋಡುತ್ತ, "ಇಲ್ಲೇ ಇರೋಕಾಗಲ್ವಾ? ಅಬ್ಬಾಗೆ ಸೆಕೆಂಡ್ ಕ್ಯಾಮರಾ ಹಿಡಿಯೋರು ಒಬ್ರು ಬೇಕು."

"ದುಡ್ಡಿಲ್ಲದ ಈ ಕಾಲದಲ್ಲಿ ಯಾರು ಎರಡು ಕ್ಯಾಮರಾದ ಮದುವೆ ಮಾಡ್ತಿದ್ದಾರೆ, ಮೆಹನಾಜ್?"

ಅವಳು ತುಣುಕನ್ನು ಮತ್ತೆ ಮೊದಲಿಗೆ ತಂದಳು. ಅವನಿಗೆ ತನ್ನ ನಾಲಿಗೆಯ ಮೇಲೂ ಜಿಗುಪ್ಸೆ ಬಂತು.

ಡಿಸ್ಕ್ ಅವಳೇ ಪೋಸ್ಟ್ ಮಾಡಿದಳು. ಮಾರ್ಚ್ ಮೊದಲ ವಾರದಲ್ಲಿ ಆಸ್ಟ್ರಿಯಾದ ಕೋಚ್ ಫೋನ್ ಮಾಡಿದ. ಡಿಕ್ಕಿ ಎಲ್ಲರೂ ಕಳಿಸುತ್ತಾರೆ, ಎಂದ. ಬಿದ್ದವನ ಪಕ್ಕ ಮಂಡಿಯೂರಿದ್ದನ್ನು ಕಳಿಸಿದವನು ನೀನೊಬ್ಬನೇ. ನಮ್ಮಲ್ಲಿ ಕಲಿಯುವ ಮಕ್ಕಳ ತಂಡವೂ ಇದೆ, ಅವರನ್ನು ಅಂಥವನ ಕೈಗೆ ಒಪ್ಪಿಸಬೇಕು. ಬೇಗ ಹೊರಟು ಬಾ.

ಆ ಭಾಗ ಡಿಸ್ಕಿನಲ್ಲಿತ್ತು ಎಂಬುದೇ ಅಜೀಮನಿಗೆ ಗೊತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಪೀರ್ ಅಹ್ಮದ್, "ಮುಬಾರಕ್ ಕಣಪ್ಪಾ! ಈ ಕಾಲದಲ್ಲಿ ಕೆಲಸ ಸಿಕ್ತಲ್ಲ," ಎಂದು ಬೆನ್ನು ತಟ್ಟಿದರು. ಮೆಹನಾಜ್ ಕೋಟು ಹಾಕಿಕೊಂಡು ರೈಲು ನಿಲ್ದಾಣದ ಮೆಟ್ಟಿಲವರೆಗೆ ಬಂದಳು. ತಲೆಯ ಮೇಲಿನ ಹಳಿಯಲ್ಲಿ ಟ್ರೈನೊಂದು ಗಡಗಡಿಸಿ ಹೋಯಿತು.

"ಯಾವಾಗ್ಲೂ ಕೈ ಯಾಕೆ ಬಚ್ಚಿಡ್ತೀರಿ?"

"ವಾಸನೆ."

ಅವಳು ಅವನ ಜೇಬಿನಿಂದ ಕೈ ಎಳೆದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿದಳು. "ನಿಂಬೆ ಸೋಪು. ಅಷ್ಟೇ. ಯಾವತ್ತೂ ಅಷ್ಟೇ ಇತ್ತು." ಕೈ ಬಿಡಲಿಲ್ಲ. "ಒಂದು ತಪ್ಪು ಮಾಡಿದೀನಿ. ನೀನು ಬೇಡ ಅಂದಿದ್ದನ್ನ ಡಿಸ್ಕಲ್ಲಿ ಬಿಟ್ಟೆ. ಆ ಹುಡುಗನ ಪಕ್ಕ ಕೂತಿದ್ದು. ಅದನ್ನ ನೋಡಿ, ಇವನು ಮೆತ್ತಗಿನವನು, ಬೇಡ ಅಂತಾರೆ ಅನ್ಕೊಂಡೆ. ನೀನು ಹೋಗೋದು ನಂಗೆ ಬೇಕಿರ್ಲಿಲ್ಲ."

ಅಜೀಮ್ ಅವಳ ಬೆರಳುಗಳನ್ನು ನೋಡುತ್ತಿದ್ದ.

"ಅಲ್ಲಾ ದೊಡ್ಡವನು," ಎಂದಳು, ಮೊದಲು ಕಣ್ಣಿನಲ್ಲಿ, ಆಮೇಲೆ ತುಟಿಯಲ್ಲಿ ನಗುತ್ತ. "ಅವರು ಡಿಕ್ಕಿ ಆದ್ಮೇಲಿಂದು ನೋಡೇ ಇಲ್ಲ ಅನ್ಸತ್ತೆ. ಇಲ್ದಿದ್ರೆ ನಿನ್ನ ಕೆಲಸ ನಾನೇ ಹಾಳು ಮಾಡ್ತಿದ್ದೆ."

"ಹೌದು," ಎಂದ ಅವನು. "ನೋಡಿರಲ್ಲ."

ಅವಳು ಮೆಟ್ಟಿಲ ಬುಡದಲ್ಲೇ ನಿಂತಳು. ಅವನು ಹತ್ತಿದ. ಅದನ್ನು ನೋಡಿಯೇ ಅವರು ತನ್ನನ್ನು ಆರಿಸಿದರೆಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.