ಎರಡು ವರ್ಷ ಕೂರದ ಕಿಟಕಿ ಚೌಕಟ್ಟು

ಮಾರ್ಚ್ 9ರ ಸೋಮವಾರ ಬೆಳಿಗ್ಗೆ ದೆಸಾಂಕಾ ವಾಲ್ಯೆವೊ ಪಟ್ಟಣದ ಪೊಲೀಸ್ ಠಾಣೆಗೆ ಬಂದಾಗ ಅವಳ ಕಂಕುಳಲ್ಲಿ ಕಂಬಳಿ ಸುತ್ತಿದ ದೊಡ್ಡ ಗಂಟೊಂದಿತ್ತು. ಕಾನ್‌ಸ್ಟೆಬಲ್ ಗೊರಿತ್ಸಾ ಬಿಚ್ಚಿ ನೋಡಿದಳು. ಕಾರಿನ ಬಾಗಿಲಿನ ಮೇಲೆ ಗಾಜು ಹಿಡಿದುಕೊಳ್ಳುವ ಹೊಳಪಿನ ಚೌಕಟ್ಟುಗಳು, ಎಡಕ್ಕೊಂದು, ಬಲಕ್ಕೊಂದು.

"ನಮ್ಮ ಯಜಮಾನ್ರ ಕಾರು ಸಿಕ್ತು. ಸೊಂಬೊರ್‌ನಲ್ಲಿ ಹಳೇ ಕಾರುಗಳ ಮೇಳ ಆಯ್ತಲ್ಲ, ಟೀವೀಲಿ ತೋರಿಸಿದ್ರು. ಬಣ್ಣ ಬೇರೆ ಬಳಿದಿದ್ದಾರೆ. ಆದ್ರೆ ಅದು ನಮ್ದೇ."

"ಯಜಮಾನ್ರು?"

"ಅದನ್ನ ನೀವು ಹೇಳ್ಬೇಕು."

ಇನ್‌ಸ್ಪೆಕ್ಟರ್ ವುಕಾಶಿನ್ ಒಳಗಿನಿಂದ ಎದ್ದು ಬಂದ. ಹಿಂದಿನ ಏಪ್ರಿಲ್‌ನಲ್ಲಿ ಇವಳ ಗಂಡ ಮಿಲಾದಿನ್ ಕಾಣೆಯಾದಾಗ ದೂರು ಬರೆದುಕೊಂಡವನು ಅವನೇ. ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಮಿಲಾದಿನ್ ಮನೆಯ ಶೆಡ್ಡಿನಲ್ಲಿ ಇಟಲಿಯ ಹಳೇ ಕಾರೊಂದನ್ನು ಬಿಚ್ಚಿ ಕಟ್ಟುತ್ತಿದ್ದ. ಒಂದು ಶನಿವಾರ ಕಿಟಕಿ ಚೌಕಟ್ಟುಗಳು ಬೆಂಚಿನ ಮೇಲೆ ಉಳಿದವು. ಬೋಳು ಬಾಗಿಲಿನ ಕಾರೂ ಅವನೂ ಮಾಯ. ಯಾರನ್ನೋ ಕಟ್ಟಿಕೊಂಡು ಆಸ್ಟ್ರಿಯಾಕ್ಕೆ ಓಡಿಹೋದನಂತೆ ಎಂದು ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ವುಕಾಶಿನ್ ಕೂಡ ಅದನ್ನೇ ನಂಬಿದ್ದ.

ಹೇಳಬೇಕೆಂದರೆ ದೆಸಾಂಕಾಳಿಗೂ ಆ ಮಾತೇ ಆಸರೆಯಾಗಿತ್ತು. ಓಡಿಹೋದ ಗಂಡನಾದರೆ ಎಲ್ಲೋ ಉಸಿರಾಡುತ್ತಿದ್ದಾನೆ, ಎಂದಾದರೂ ಬೈಯಲಿಕ್ಕೆ ಸಿಗುತ್ತಾನೆ. ಆದರೆ ಮಿಲಾದಿನ್ ಜೀವ ಹೋದರೂ ಆ ಕಾರನ್ನು ಬೇರೆಯವರ ಕೈಗೆ ಕೊಡುವವನಲ್ಲ. ಸೊಂಬೊರ್‌ನ ಕಾರು ಅವನದೇ ಆಗಿದ್ದರೆ ಅವನಿಲ್ಲ ಎಂದೇ ಅರ್ಥ. ಅಷ್ಟು ಗೊತ್ತಿದ್ದೂ ಅವಳು ಠಾಣೆಗೆ ಬಂದಿದ್ದಳು.

ಎಫ್‌ಐಆರ್ ದಾಖಲಾಯಿತು. ಕಾರು ಸೊಂಬೊರ್‌ನ ದಂತವೈದ್ಯರೊಬ್ಬರ ಬಳಿ ಇತ್ತು. ಅವರು ಕೊಂಡದ್ದು ರೂಮಾ ಹತ್ತಿರದ ಒಬ್ಬ ರೈತನಿಂದ. ರೈತ ಒಂದೇ ಗದರಿಕೆಗೆ ಬಾಯಿಬಿಟ್ಟ. ಯಾರೋ ಒಬ್ಬ ತನ್ನ ಕೊಟ್ಟಿಗೆಯಲ್ಲಿ ಕಾರು ಬಿಟ್ಟು ಹೋದ, ತಿರುಗಿ ಬರಲಿಲ್ಲ, ತಾನೇ ನಂಬರು ಉಜ್ಜಿಸಿ, ಬೇರೆ ಚೌಕಟ್ಟು ಸಿಕ್ಕಿಸಿ ಮಾರಿಬಿಟ್ಟೆ ಎಂದ.

"ನಂಬರಿಲ್ಲದೆ ಗುರುತು ಹಿಡಿಯೋದು ಹೇಗಮ್ಮ?" ಎಂದು ವುಕಾಶಿನ್ ಕೇಳಿದ.

"ಬೋಲ್ಟಿನ ಹಳೇ ತೂತು ಸವೆದಿತ್ತು. ನಮ್ಮವ್ರು ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಹೊಸ ತೂತು ಕೊರೆದಿದ್ರು. ಬೇರೆ ಯಾವ ಕಾರಿಗೂ ಅದು ಹೊಂದಲ್ಲ."

ಗುರುವಾರ ಹನ್ನೊಂದು ಗಂಟೆಗೆ ಠಾಣೆಯ ಅಂಗಳದಲ್ಲಿ, ಇಬ್ಬರು ಪಂಚರ ಎದುರು ಕಾರನ್ನು ನಿಲ್ಲಿಸಿದರು. ದೆಸಾಂಕಾಳ ಜೊತೆಗೆ ಸ್ರೆತೆನ್ ಬಂದಿದ್ದ. ಮದುವೆಯಲ್ಲಿ ಮಿಲಾದಿನ್‌ನ ಪಕ್ಕ ನಿಂತ ಕೂಮ ಅವನು. ಕೂಮನೆಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಪ್ರತಿ ಶನಿವಾರ ಶೆಡ್ಡಿನಲ್ಲಿ ಮಿಲಾದಿನ್ ಜೊತೆ ದುಡಿದವನು. ಮಿಲಾದಿನ್ ಕಾಣೆಯಾದ ಮೇಲೆ ದೆಸಾಂಕಾಳಿಗೆ ಸೌದೆ ಒಡೆದು ಕೊಡುತ್ತಿದ್ದವನೂ ಅವನೇ.

"ಸುಮ್ನೆ ಕಷ್ಟಪಡ್ತೀರ ಸಾರ್," ಎಂದ ಸ್ರೆತೆನ್. "ಚೌಕಟ್ಟು ಸೊಟ್ಟಗಾಗಿದೆ. ಎರಡು ವರ್ಷ ಒದ್ದಾಡಿದೀವಿ. ಹಾಕೋದು, ಗಾಜು ಸಿಕ್ಕಾಕೊಳ್ಳೋದು, ಬಿಚ್ಚೋದು. ಇದು ಯಾವ ಕಾರಿಗೂ ಕೂರಲ್ಲ."

ಪೊಲೀಸ್ ಗ್ಯಾರೇಜಿನ ಝಿವ್ಕೊ ಸೋಮಾರಿಯೆಂದು ಹೆಸರಾದವನು. ಅವನು ಚೌಕಟ್ಟನ್ನು ಸಿಮೆಂಟು ನೆಲದ ಮೇಲೆ ಮಲಗಿಸಿ ಬಗ್ಗಿ ನೋಡಿದ.

"ಎಲ್ಲಪ್ಪ ಸೊಟ್ಟ? ನನ್ನ ಬೆನ್ನಿಗಿಂತ ನೆಟ್ಟಗಿದೆ."

ಕಾರಿನಲ್ಲಿದ್ದ ಚೌಕಟ್ಟು ಬಿಚ್ಚಿ, ಇದರ ಕಾಲುಗಳನ್ನು ಬಾಗಿಲಿನೊಳಕ್ಕೆ ಇಳಿಸಿದ. ಬೋಲ್ಟುಗಳು ಹೊಸ ತೂತಿನಲ್ಲಿ ತಾವಾಗಿಯೇ ಹೋದವು. ಬೆರಳಲ್ಲೇ ಸಡಿಲವಾಗಿ ತಿರುಗಿಸಿ, ಬಾಗಿಲು ಮುಚ್ಚಿ, ಚೌಕಟ್ಟು ಕಾರಿನ ಚಾವಣಿಯ ರಬ್ಬರಿಗೆ ಒರಗುವಂತೆ ಅಂಗೈಯಿಂದ ಎರಡು ಸಲ ತಟ್ಟಿದ. ಬಾಗಿಲು ತೆರೆದು ಬಿಗಿದ. ಗಾಜು ಸಲೀಸಾಗಿ ಮೇಲೇರಿತು. ರಬ್ಬರಿನ ನಡುವೆ ಕಾಗದದ ಚೂರಿಟ್ಟು ಬಾಗಿಲು ಹಾಕಿ ಎಳೆದ, ಕಾಗದ ಬರಲಿಲ್ಲ. ಇನ್ನೊಂದು ಬಾಗಿಲಿಗೂ ಹಾಗೇ ಮಾಡಿದ. ಊಟದ ಹೊತ್ತಿಗೆ ಎಲ್ಲ ಮುಗಿದು ಪಂಚನಾಮೆಗೆ ಸಹಿ ಬಿತ್ತು.

ದೆಸಾಂಕಾ ಅಳಲಿಲ್ಲ. "ಹಾಗಾದ್ರೆ ಇಲ್ಲ ಅವ್ರು," ಎಂದಳು. ಆಮೇಲೆ ಏನೂ ತಿಳಿಯದವಳಂತೆ ಸ್ರೆತೆನ್ ಕಡೆ ತಿರುಗಿದಳು. "ಎರಡು ವರ್ಷ ಕೂರ್ಲಿಲ್ವಲ್ಲ ಕೂಮ. ಇವತ್ತು ಒಂದೇ ಸಲಕ್ಕೆ ಹೇಗೆ ಕೂತ್ಕೊಳ್ತು?"

ಅಂಗಳದಲ್ಲಿದ್ದವರೆಲ್ಲ ಕಾರು ನೋಡುತ್ತಿದ್ದರು. ಸ್ರೆತೆನ್ ಒಬ್ಬ ಗೇಟಿನ ಕಡೆ ನೋಡುತ್ತಿದ್ದ. ವುಕಾಶಿನ್ ಅದನ್ನು ಗಮನಿಸಿದ. ಅವನನ್ನು ಒಳಗೆ ಕರೆದು ಕೂರಿಸಿದ.

"ಶನಿವಾರ ಬೋಲ್ಟು ಬಿಗೀತಿದ್ದದ್ದು ಯಾರು?"

"ಇಬ್ರೂ."

"ಕೊನೇಲಿ?"

"ನಾನು."

"ಸೊಟ್ಟ ಅಂತ ಮೊದಲು ಹೇಳಿದ್ದು?"

ಅಷ್ಟರಲ್ಲಿ ಗೊರಿತ್ಸಾ ಸ್ರೆತೆನ್‌ನ ಫೋಟೋವನ್ನು ರೂಮಾ ಪೊಲೀಸರಿಗೆ ಕಳಿಸಿದಳು. ಸಂಜೆ ನಾಲ್ಕಕ್ಕೆ ರೈತನ ಹೇಳಿಕೆ ಬಂತು. ಕಾರು ಬಿಟ್ಟುಹೋದವನು ಇವನೇ. ಕಾರಿನ ಮೈತುಂಬ ಕಂಬಳಿ ಹೊದಿಸಿ, ಇಲಿ ಬರದ ಹಾಗೆ ನೋಡ್ಕೊ ಎಂದಿದ್ದನಂತೆ. ನಾಲ್ಕೂವರೆಗೆ ಸ್ರೆತೆನ್‌ನನ್ನು ಬಂಧಿಸಲಾಯಿತು.

ಅವನು ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿ ತೀರಿಹೋಗಿದ್ದಳು, ಕಾರ್ಖಾನೆ ಮುಚ್ಚಿತ್ತು, ವಾರವೆಲ್ಲ ಒಂದೇ ಕೋಣೆ. ಕಾರಿಗೆ ಉಳಿದಿದ್ದ ಕೊನೆಯ ಕೆಲಸ ಕಿಟಕಿ ಚೌಕಟ್ಟು.

"ಅದು ಕೂತ್ರೆ ಕಾರು ಮುಗೀತು ಸಾರ್. ಕಾರು ಮುಗಿದ್ರೆ ಶನಿವಾರ ನಾನು ಎಲ್ಲಿಗೆ ಹೋಗ್ಲಿ?"

ಮಿಲಾದಿನ್ ಕಾಫಿ ಮಾಡಲು ಒಳಗೆ ಹೋದಾಗಲೆಲ್ಲ ಇವನು ಚೌಕಟ್ಟಿನ ಕಾಲಿನಡಿ ತೆಳ್ಳನೆಯ ವಾಷರ್ ತೂರಿಸುತ್ತಿದ್ದ. ಗಾಜು ಸಿಕ್ಕಿಕೊಂಡರೆ ಮುಂದಿನ ಶನಿವಾರ ಖಾತ್ರಿ. ಆ ಕೊನೆಯ ಶನಿವಾರ ದೆಸಾಂಕಾ ತಂಗಿಯ ಮನೆಗೆ ಹೋಗಿದ್ದಳು. ಇವನು ಬರುವ ಮೊದಲೇ ಮಿಲಾದಿನ್ ಚೌಕಟ್ಟು ಬಿಚ್ಚಿ ವಾಷರ್ ಹಿಡಿದು ನಿಂತಿದ್ದ. ಎರಡು ವರ್ಷ ನನ್ನನ್ನು ಮಂಗ ಮಾಡಿದೆ, ಇನ್ನು ಈ ಕಡೆ ತಲೆ ಹಾಕಬೇಡ ಎಂದ. ಸುತ್ತಿಗೆ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಹೆಣ ಆ ಕಾರಿನಲ್ಲೇ ಸಾಗಿ, ನೀರು ತುಂಬಿದ ಹಳೇ ಕಲ್ಲುಗಣಿಗೆ ಬಿತ್ತು.

"ಕಾರನ್ನೂ ತಳ್ಳಬೇಕು ಅಂತಿದ್ದೆ. ಕೈ ಬರ್ಲಿಲ್ಲ. ಅಷ್ಟು ವರ್ಷ ಕೂಡಿ ಕಟ್ಟಿದ್ದು."

"ಮಿಲಾದಿನ್‌ನ ತಳ್ಳೋಕೆ ಕೈ ಬಂತಾ?"

ಹೇಳಿಕೆ ಅಲ್ಲಿಗೆ ಮುಗಿಯಿತು.

ಮುಳುಗುಗಾರರು ಗಣಿಯನ್ನು ಜಾಲಾಡಿ ಬರಿಗೈಯಲ್ಲಿ ಮೇಲೆ ಬಂದರು. ತಳದಲ್ಲಿ ಕೆಸರು ಆಳವಿತ್ತು, ಶೋಧ ನಿಂತಿತು. ಸುದ್ದಿ ಹೇಳಲು ವುಕಾಶಿನ್ ತಾನೇ ಹೋದ. ಇಂಥ ಕೆಲಸವನ್ನು ಕಾನ್‌ಸ್ಟೆಬಲ್‌ಗೆ ವಹಿಸಲು ಅವನಿಗೆ ಮನಸ್ಸಾಗಲಿಲ್ಲ.

ದೆಸಾಂಕಾ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು.

"ಕೂಮ ಬಾಯಿಬಿಟ್ಟು ಹೇಳಿದ್ರೆ ಇನ್ನೊಂದು ಹಳೇ ಕಾರು ತಂದು ಹಾಕ್ತಿದ್ರು ನಮ್ಮವ್ರು," ಎಂದಳು. "ಅವ್ರಿಗಾದ್ರೂ ಶನಿವಾರ ಕೂಮನ ಬಿಟ್ಟು ಇನ್ಯಾರಿದ್ರು?"