ಚೆಲ್ಲದೆ ಉಳಿಸಿದ ಸೊಲ್ಯೂಷನ್

"ಅಯ್ಯೋ, ಕಣ್ಣು ಉಜ್ಜಬೇಡಿ! ಮೊದಲು ಕೈ ತೊಳ್ಕೊಂಡು ಲೆನ್ಸ್ ತೆಗೀರಿ!"

ಕನ್ನಡಕದ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದವಳ ಬಲಗಣ್ಣು ಕೆಂಡದಂತಾಗಿತ್ತು. ಅವಳು ಪಕ್ಕದ ಬೀದಿಯ ಟೈಲರ್. ಕೂಗಿದವನು, ತಿಂಗಳ ಹಿಂದೆ ಅವಳಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಲು ಕಲಿಸಿದ್ದ ಅಂಗಡಿಯ ತಂತ್ರಜ್ಞ.

ಅವಳು ಲೆನ್ಸ್ ತೆಗೆದಳು. ಅವನು ಅವಳ ಲೆನ್ಸ್ ಡಬ್ಬಿಯನ್ನು ಬೆಳಕಿಗೆ ಹಿಡಿದ. ಒಳಗೆ ಲೆನ್ಸ್ ನೆನೆಸಿಡುವ ದ್ರವ ಮಸುಕಾಗಿತ್ತು.

"ಈ ಸೊಲ್ಯೂಷನ್ ಯಾವತ್ತಿಂದು?"

"ದಿನಾ ಮೇಲಿಂದ ನಾಲ್ಕು ಹನಿ ಹೊಸದು ಸೇರಿಸ್ತೀನಲ್ಲ... ಇರೋದನ್ನ ಯಾಕೆ ಚೆಲ್ಲೋದು?"

ತುಂಡು ದಾರವನ್ನೂ ಸುತ್ತಿಟ್ಟುಕೊಳ್ಳುವ ಕೈ ಅದು. ಚೆಲ್ಲುವುದೆಂದರೆ ಅದಕ್ಕೆ ಹೇಗೆ ಮನಸ್ಸು ಬರಬೇಕು!

ಅವನ ಮುಖ ಬಿಳಿಚಿಕೊಂಡಿತು. ಆ ಕ್ಷಣವೇ ಅವಳನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ.

"ಸೋಂಕಾಗಿ ಹುಣ್ಣು ಶುರುವಾಗಿದೆ," ಎಂದರು ಡಾಕ್ಟರಮ್ಮ. "ಇನ್ನೆರಡು ದಿನ ಬಿಟ್ಟಿದ್ರೆ ದೃಷ್ಟಿಗೇ ಕಷ್ಟ ಇತ್ತು. ನಾನು ಹೇಳೋವರೆಗೂ ಕನ್ನಡಕ ಮಾತ್ರ."

ಅಂದಿನಿಂದ ಅವನು ದಿನವೂ ಸಂಜೆ ಹೊಲಿಗೆ ಅಂಗಡಿಗೆ ಬರತೊಡಗಿದ. ಔಷಧಿ ಹಾಕಿಕೊಂಡಳೇ, ನೋವು ಇಳಿಯಿತೇ... ಅದೇ ಪ್ರಶ್ನೆಗಳು.

"ಕಣ್ಣು ನಿಂದು, ಉರಿ ಅವರಿಗೆ!" ಜೊತೆಗೆ ಹೊಲಿಯುತ್ತಿದ್ದ ಅಕ್ಕ ಕಾಲೆಳೆದಳು.

'ಸುಮ್ಮನಿರೇ!' ಎಂಬಂತೆ ನೋಡಿದರೂ ಅವಳ ಮನಸ್ಸು ಹಿಗ್ಗುತ್ತಿತ್ತು. ಈ ದಪ್ಪ ಕನ್ನಡಕದಲ್ಲೂ ನನ್ನನ್ನು ನೋಡಲು ಒಬ್ಬರು ಬರುತ್ತಾರಾ? ಸಂಜೆಯಾದರೆ ಅವಳು ಬಾಗಿಲ ಕಡೆ ನೋಡುತ್ತಲೇ ಗುಂಡಿ ಹೊಲಿಯುತ್ತಿದ್ದಳು.

ಮೂರನೇ ವಾರ ಕನ್ನಡಕದ ಅಂಗಡಿಯ ಮಾಲೀಕರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. ಹೋಗುವಾಗ ದನಿ ತಗ್ಗಿಸಿದರು.

"ನಮ್ಮ ಹುಡುಗ ಹೆದರಿ ಹೋಗಿದಾನಮ್ಮ. ಹೇಳಿಕೊಡೋದರಲ್ಲಿ ಅವನದೇ ತಪ್ಪಾಗಿದೆಯಂತೆ. ದೂರು ಗೀರು ಅಂತ ಹೋಗಬೇಡ."

ಅವಳು ಅಳತೆಯ ಟೇಪನ್ನು ಮೇಜಿಗೆ ಎಸೆದಳು. ಓಹೋ... ಇಷ್ಟು ದಿನದ ಅಕ್ಕರೆಯೆಲ್ಲ ದೂರಿನ ಭಯಕ್ಕಾ! ನಾನೆಂಥ ಪೆದ್ದಿ!

ಸಂಜೆ ಅವನು ಬಂದಾಗ ಅವಳು ಮಷೀನಿನಿಂದ ತಲೆ ಎತ್ತಲಿಲ್ಲ.

"ನಾಳೆಯಿಂದ ಬರಬೇಡಿ. ನಾನು ದೂರು ಕೊಡಲ್ಲ."

ಮಾಲೀಕರು ಬಂದು ಹೋಗಿರಬೇಕೆಂದು ಅವನಿಗೆ ಹೊಳೆಯಿತು.

"ಕೊಡಿ," ಎಂದ. "ಕೊಡಲೇಬೇಕು ನೀವು."

ಮಷೀನು ನಿಂತಿತು.

"ಹಳೇ ಸೊಲ್ಯೂಷನ್ ಪೂರ್ತಿ ಚೆಲ್ಲಿ, ಡಬ್ಬಿ ಒಣಗಿಸಿ, ಪ್ರತಿ ಸಲ ಹೊಸದನ್ನೇ ಹಾಕಬೇಕು ಅಂತ ಎಲ್ಲರಿಗೂ ಹೇಳ್ತೀನಿ. ನಿಮಗೆ ಹೇಳಲಿಲ್ಲ. ಅವತ್ತು ಲೆನ್ಸ್ ಹಾಕ್ಕೊಂಡು ಕನ್ನಡಿ ನೋಡಿ ನಕ್ಕಿರಲ್ಲ... ಅಲ್ಲಿಗೆ ನನ್ನ ಪಾಠ ಮರೆತುಹೋಯ್ತು. ತಪ್ಪು ನಂದೇ ಅಂತ ಮಾಲೀಕರಿಗೆ ಬರೆದೂ ಕೊಟ್ಟಿದೀನಿ."

ಅವಳಿಗೆ ಸಿಟ್ಟು ಬಂತು. ಒಂದು ಮಾತು ಮರೆತದ್ದಕ್ಕೆ ಕಣ್ಣೇ ಹೋಗುತ್ತಿತ್ತು! ಆದರೆ ಮರೆತೆನೆಂದು ತಾನಾಗಿ ಬರೆದುಕೊಡುವವರು ಎಷ್ಟು ಜನ ಇದ್ದಾರೆ?

"ಹಾಗಾದ್ರೆ ಇಷ್ಟು ದಿನ ಬಂದಿದ್ದು ಭಯಕ್ಕಲ್ವಾ?"

"ಭಯಕ್ಕೇ. ಮೊದಲು ನಿಮ್ಮ ಕಣ್ಣಿಗೇನಾಗುತ್ತೋ ಅಂತ. ಆಮೇಲೆ... ವಾಸಿಯಾಗಿಬಿಟ್ರೆ ಇಲ್ಲಿಗೆ ಬರೋಕೆ ನೆಪ ಇರಲ್ವಲ್ಲ ಅಂತ. ಹಾಗೆ ಅನ್ನಿಸಿದಾಗ ನನ್ನ ಮೇಲೆ ನನಗೇ ನಾಚಿಕೆಯಾಯ್ತು. ನೀವಂದ್ರೆ ನನಗೆ ತುಂಬಾ ಇಷ್ಟ."

ಅಕ್ಕ ಇದ್ದಕ್ಕಿದ್ದಂತೆ ಇಸ್ತ್ರಿ ಪೆಟ್ಟಿಗೆ ಹುಡುಕಿಕೊಂಡು ಒಳಗೆ ಹೋದಳು. ಅದು ಮೇಜಿನ ಮೇಲೇ ಇತ್ತು.

"ಬೆಳಗ್ಗೆ ಡಾಕ್ಟರಮ್ಮ ನೋಡಿದ್ರು," ಎಂದಳು ಅವಳು. "ಕಣ್ಣು ಪೂರ್ತಿ ವಾಸಿಯಾಗಿದೆ."

ಅವನ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಒಳ್ಳೇದಾಯ್ತು... ಹಾಗಾದ್ರೆ ನಾನಿನ್ನು..."

"ನಾಳೆನೂ ಬನ್ನಿ."

"ಏನಂತ ಹೇಳ್ಕೊಂಡು ಬರಲಿ?"

ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಏನೂ ಹೇಳ್ಕೋಬೇಡಿ. ಸುಮ್ಮನೆ ಬನ್ನಿ, ಕಾಯ್ತಿರ್ತೀನಿ."